ಹಣ್ಣು, ವೈನ್, ಕೆನೆ: ಮನೆಯ ಐಸ್‌ಕ್ರೀಮ್ ಕೈಕೊಡುವುದು ಎಲ್ಲಿ?

ಕ್ರಿಸ್‌ಮಸ್ ಮುಗಿದ ಮೇಲೆ ಕರಾವಳಿಯ ಎಷ್ಟೋ ಕ್ರೈಸ್ತರ ಮನೆಗಳಲ್ಲಿ ಹಬ್ಬಕ್ಕೆಂದು ಮಾಡಿದ ದ್ರಾಕ್ಷಿ ವೈನ್ ಒಂದಿಷ್ಟು ಉಳಿದಿರುತ್ತದೆ. ಇತ್ತ ಬೆಂಗಳೂರಿನ ತಳ್ಳುಗಾಡಿಗಳಲ್ಲಿ ಕಪ್ಪು ದ್ರಾಕ್ಷಿ ರಾಶಿ ಬಿದ್ದಿರುತ್ತದೆ. ಬಿಸಿಲು ಏರುತ್ತಿದ್ದಂತೆ ಫೋನಿನಲ್ಲಿ ಐಸ್‌ಕ್ರೀಮ್ ವಿಡಿಯೊಗಳು ಶುರು. ಹಣ್ಣು ರುಬ್ಬಿ, ಕ್ರೀಮ್ ಸೇರಿಸಿ, ಮೇಲೊಂದಿಷ್ಟು ವೈನ್ ಸುರಿದು ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟರೆ ಆಯಿತು ಎನ್ನುತ್ತಾರೆ. ನೋಡಲು ಸುಲಭ.

ಮಾಡಿದವರಿಗೆ ಮಾತ್ರ ಎರಡರಲ್ಲಿ ಒಂದು ತೊಂದರೆ ಎದುರಾಗುತ್ತದೆ. ಮರುದಿನವೂ ಗಟ್ಟಿಯಾಗದೆ ಗಂಜಿಯ ಹಾಗೆ ಇರುತ್ತದೆ. ಇಲ್ಲವೇ ಕಲ್ಲಿನಂತಾಗಿ, ಹಲ್ಲಿಗೆ ಮಂಜಿನ ಪುಡಿ ಕರಕರ ಸಿಗುತ್ತದೆ. ಎರಡಕ್ಕೂ ಕಾರಣ ಒಂದೇ: ನೀರು. ಹಣ್ಣಿನಲ್ಲಿ ಬಹುಪಾಲು ನೀರು, ವೈನ್‌ನಲ್ಲೂ ಬಹುಪಾಲು ನೀರು. ಆ ನೀರನ್ನು ಎಷ್ಟು ತೆಗೆಯಬೇಕು, ಉಳಿದದ್ದನ್ನು ಎಷ್ಟು ಹೆಪ್ಪುಗಟ್ಟಲು ಬಿಡಬೇಕು ಎಂದು ತಿಳಿದರೆ ಈ ಐಸ್‌ಕ್ರೀಮ್ ಯಾರ ಅಡುಗೆಮನೆಯಲ್ಲಾದರೂ ಚೆನ್ನಾಗಿ ಬರುತ್ತದೆ. ಯಂತ್ರ ಬೇಕಿಲ್ಲ.

ಐಸ್‌ಕ್ರೀಮ್ ಒಳಗೆ ಏನಿದೆ

ಗಟ್ಟಿಯಾಗಿ ಕಂಡರೂ ಐಸ್‌ಕ್ರೀಮ್ ಪೂರ್ತಿ ಹೆಪ್ಪುಗಟ್ಟಿದ ವಸ್ತುವಲ್ಲ. ಅದರಲ್ಲಿ ನಾಲ್ಕು ಸಂಗತಿಗಳು ಬೆರೆತಿರುತ್ತವೆ. ಮಂಜಿನ ಸಣ್ಣ ಹರಳುಗಳು, ಹಾಲಿನ ಕೊಬ್ಬು, ಗಾಳಿಯ ಗುಳ್ಳೆಗಳು ಮತ್ತು ಫ್ರೀಜರ್‌ನ ಚಳಿಯಲ್ಲೂ ಹೆಪ್ಪುಗಟ್ಟದೆ ಉಳಿಯುವ ದಪ್ಪ ಸಕ್ಕರೆ ಪಾಕ. ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಇರುತ್ತದೆ. ಅಷ್ಟು ಚಳಿಯಲ್ಲೂ ಒಳ್ಳೆಯ ಐಸ್‌ಕ್ರೀಮ್‌ನ ನೀರಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ದ್ರವವಾಗಿಯೇ ಇರುತ್ತದೆ. ಚಮಚ ಒಳಗಿಳಿಯುವುದು ಆ ಪಾಕದಿಂದಲೇ.

ಹರಳಿನ ಗಾತ್ರವೂ ಮುಖ್ಯ. ಹರಳುಗಳು ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಚಿಕ್ಕದಿದ್ದರೆ ನಾಲಗೆಗೆ ಅವು ಬಿಡಿಬಿಡಿಯಾಗಿ ತಿಳಿಯುವುದಿಲ್ಲ, ನುಣುಪಾಗಿ ಅನ್ನಿಸುತ್ತದೆ. ಅದಕ್ಕಿಂತ ದೊಡ್ಡದಾದರೆ ಮರಳು ಮರಳು. ಮನೆಯಲ್ಲಿ ನಾವು ಪಡುವ ಪಾಡೆಲ್ಲ ಈ ಹರಳುಗಳನ್ನು ಚಿಕ್ಕದಾಗಿ ಇಟ್ಟುಕೊಳ್ಳಲು.

ಅಂಗಡಿಯ ಡಬ್ಬಿಯ ಮೇಲೆ ಕೆಲವೊಮ್ಮೆ ಐಸ್‌ಕ್ರೀಮ್ ಎಂದೂ ಕೆಲವೊಮ್ಮೆ ಫ್ರೋಜನ್ ಡೆಸರ್ಟ್ ಎಂದೂ ಬರೆದಿರುವುದನ್ನು ನೋಡಿರುತ್ತೀರಿ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಸುಮ್ನೆ 'ಐಸ್‌ಕ್ರೀಮ್' ಎಂದು ಕರೆಯಬೇಕಾದರೆ ಹಾಲಿನ ಕೊಬ್ಬು ಕನಿಷ್ಠ ಶೇಕಡಾ 10 ಇರಬೇಕು. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆಯ ಕೊಬ್ಬು ಬಳಸಿದ್ದರೆ ಅದು ಫ್ರೋಜನ್ ಡೆಸರ್ಟ್. ಮನೆಯಲ್ಲಿ ಮಾಡುವಾಗಲೂ ಈ ಶೇಕಡಾ 10 ಎಂಬ ಗೆರೆಯನ್ನು ನೆನಪಿಡುವುದು ಒಳ್ಳೆಯದು. ಫುಲ್ ಕ್ರೀಮ್ ಹಾಲಿನಲ್ಲಿ ಇರುವುದು ಶೇಕಡಾ 6ರಷ್ಟು ಕೊಬ್ಬು ಮಾತ್ರ. ಬರೀ ಹಾಲು, ಹಣ್ಣು ರುಬ್ಬಿ ಇಟ್ಟರೆ ಅದು ಕ್ಯಾಂಡಿಯಾಗುವುದು ಯಾಕೆ ಎಂದು ಇದರಿಂದಲೇ ಗೊತ್ತಾಗುತ್ತದೆ, ಅಲ್ವಾ?

ಸಕ್ಕರೆ ಇರುವುದು ಸಿಹಿಗೆ ಮಾತ್ರ ಅಲ್ಲ

ಶುದ್ಧ ನೀರು ಸೊನ್ನೆ ಡಿಗ್ರಿಯಲ್ಲಿ ಮಂಜಾಗುತ್ತದೆ. ಅದರಲ್ಲಿ ಏನಾದರೂ ಕರಗಿದ್ದರೆ ಇನ್ನೂ ಹೆಚ್ಚು ಚಳಿ ಬೇಕು. ಇದು ಉಪ್ಪಿಗೂ ನಿಜ, ಸಕ್ಕರೆಗೂ ನಿಜ, ಆಲ್ಕೋಹಾಲ್‌ಗೂ ನಿಜ. ಐಸ್‌ಕ್ರೀಮ್ ಮಿಶ್ರಣ ಹೆಪ್ಪುಗಟ್ಟಲು ಶುರುವಾಗುವುದೇ ಮೈನಸ್ 2, 3 ಡಿಗ್ರಿಯ ಹತ್ತಿರ.

ಇದು ಯಾಕೆ ಹೀಗೆ? ಮದುವೆ ಮನೆಯ ಊಟದ ಪಂಕ್ತಿಯನ್ನು ನೆನೆಸಿಕೊಳ್ಳಿ. ನೀರು ಮಂಜಾಗುವುದೆಂದರೆ ಅದರ ಕಣಗಳು ಸಾಲಾಗಿ, ಒತ್ತೊತ್ತಾಗಿ ಕುಳಿತುಕೊಳ್ಳುವುದು. ಎಲೆ ಹಾಕಿದ ಜಾಗದಲ್ಲಿ ಮಕ್ಕಳು ಅಡ್ಡಾದಿಡ್ಡಿ ಓಡಾಡುತ್ತಿದ್ದರೆ ಪಂಕ್ತಿ ಬೇಗ ಕೂರುವುದಿಲ್ಲ. ಸಕ್ಕರೆಯ ಕಣಗಳು ಆ ಮಕ್ಕಳ ಹಾಗೆ. ಇಲ್ಲಿ ಲೆಕ್ಕಕ್ಕೆ ಬರುವುದು ಮಕ್ಕಳ ತೂಕ ಅಲ್ಲ, ಎಷ್ಟು ಜನ ಮಕ್ಕಳಿದ್ದಾರೆ ಎಂಬುದು. ನಾಲ್ಕು ದಪ್ಪ ಮಕ್ಕಳಿಗಿಂತ ಇಪ್ಪತ್ತು ಪುಟಾಣಿಗಳು ಮಾಡುವ ಅಡ್ಡಿಯೇ ಜಾಸ್ತಿ.

ಹಣ್ಣು, ವೈನ್ ಐಸ್‌ಕ್ರೀಮ್‌ನ ಗುಟ್ಟು ಇದರಲ್ಲೇ ಇದೆ. ನಾವು ದಿನಾ ಬಳಸುವ ಸಕ್ಕರೆಯ ಕಣ ದೊಡ್ಡದು, ಭಾರ. ದ್ರಾಕ್ಷಿಯಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್ ಕಣಗಳು ಅದರ ಅರ್ಧದಷ್ಟು ತೂಕದವು. ಹಾಗಾಗಿ ಒಂದು ಗ್ರಾಂ ಗ್ಲೂಕೋಸ್‌ನಲ್ಲಿ ಕಣಗಳ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟು. ಆಲ್ಕೋಹಾಲ್ ಕಣ ಇನ್ನೂ ಚಿಕ್ಕದು. ಒಂದು ಗ್ರಾಂ ಆಲ್ಕೋಹಾಲ್ ಮಾಡುವ ಅಡ್ಡಿ ಸುಮಾರು ಏಳು ಗ್ರಾಂ ಸಕ್ಕರೆ ಮಾಡುವ ಅಡ್ಡಿಗೆ ಸಮ. ಇದೊಂದು ಸಂಖ್ಯೆ ತಲೆಯಲ್ಲಿದ್ದರೆ ಮುಂದಿನದ್ದು ಸಲೀಸು.

ವೈನ್ ಸುರಿದಾಗ ಏನಾಗುತ್ತದೆ

ಒಂದು ಲೀಟರ್ ಐಸ್‌ಕ್ರೀಮ್ ಮಿಶ್ರಣಕ್ಕೆ ಸಾಮಾನ್ಯವಾಗಿ 160ರಿಂದ 200 ಗ್ರಾಂ ಸಕ್ಕರೆ ಬೇಕಾಗುತ್ತದೆ. ಅದಕ್ಕೆ 100 ಮಿಲಿಲೀಟರ್ ವೈನ್ ಹಾಕಿದಿರಿ ಎಂದುಕೊಳ್ಳಿ. ಶೇಕಡಾ 12 ಆಲ್ಕೋಹಾಲ್ ಇರುವ ವೈನ್ ಆದರೆ ಅದರಲ್ಲಿ 12 ಮಿಲಿಲೀಟರ್ ಆಲ್ಕೋಹಾಲ್ ಇರುತ್ತದೆ. ತೂಕದಲ್ಲಿ ಅದು ಒಂಬತ್ತೂವರೆ ಗ್ರಾಂ. ಏಳರಿಂದ ಗುಣಿಸಿ. ಹೆಪ್ಪುಗಟ್ಟುವ ಮಟ್ಟಿಗೆ ನೀವು ಇನ್ನೂ 66 ಗ್ರಾಂನಷ್ಟು ಸಕ್ಕರೆ ಸುರಿದಂತಾಯಿತು. ಅರ್ಧ ಬಾಟಲಿ, ಅಂದರೆ 375 ಮಿಲಿಲೀಟರ್ ಹಾಕಿದರೆ ಸುಮಾರು 250 ಗ್ರಾಂ ಸಕ್ಕರೆಗೆ ಸಮ. ಅದು ಎಷ್ಟು ರಾತ್ರಿ ಫ್ರೀಜರ್‌ನಲ್ಲಿದ್ದರೂ ಗಟ್ಟಿಯಾಗುವುದಿಲ್ಲ.

ಇಷ್ಟಾದರೂ ವೈನ್ ರುಚಿ ಮಾತ್ರ ತೆಳುವಾಗಿಯೇ ಇರುತ್ತದೆ. ಚಳಿಯಲ್ಲಿ ನಾಲಗೆಗೆ ಸಿಹಿ, ವಾಸನೆ ಎರಡೂ ಕಡಿಮೆ ತಿಳಿಯುತ್ತವೆ. ರುಚಿ ಸಾಲದು ಎಂದು ಇನ್ನೊಂದಿಷ್ಟು ವೈನ್ ಹಾಕುತ್ತೇವೆ, ನೀರು ಇನ್ನಷ್ಟು ಸೇರುತ್ತದೆ, ಮಿಶ್ರಣ ಇನ್ನಷ್ಟು ಸಡಿಲವಾಗುತ್ತದೆ. ವಿಡಿಯೊ ನೋಡಿ ಮಾಡಿದ್ದು ಕೆಡುವುದು ಬಹುತೇಕ ಇಲ್ಲೇ.

ದಾರಿ ಇರುವುದು ವೈನನ್ನು ಕಾಯಿಸಿ ಇಂಗಿಸುವುದರಲ್ಲಿ. ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಮೂರನೇ ಒಂದು ಭಾಗಕ್ಕೆ ಇಳಿಸಿದರೆ ಆಲ್ಕೋಹಾಲ್ ಬಹುಪಾಲು ಆವಿಯಾಗುತ್ತದೆ. ನೀರೂ ಹೋಗುತ್ತದೆ. ಹುಳಿ, ಒಗರು, ಬಣ್ಣ, ವೈನ್‌ನ ಗಾಢ ರುಚಿ ಉಳಿಯುತ್ತವೆ. ಹಗುರವಾದ ಪರಿಮಳ ಮಾತ್ರ ಆವಿಯ ಜೊತೆ ಹೋಗಿಬಿಡುತ್ತದೆ. ಅದನ್ನು ಮರಳಿ ತರಲು ಕೊನೆಯಲ್ಲಿ ಎರಡು ದೊಡ್ಡ ಚಮಚ ಹಸಿ ವೈನ್ ಸೇರಿಸಿದರೆ ಸಾಕು. ಇಂಗಿಸಿದ ವೈನ್ ಜಾಸ್ತಿ, ಹಸಿ ವೈನ್ ಸ್ವಲ್ಪ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಅಲ್ಯೂಮಿನಿಯಂ ಪಾತ್ರೆ ಬೇಡ. ವೈನ್‌ನ ಹುಳಿ ಅದರ ಜೊತೆ ಸೇರಿ ಲೋಹದ ರುಚಿ ಬರುತ್ತದೆ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಮುಖ್ಯ: ಆಲ್ಕೋಹಾಲ್ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಗ್ಯಾಸ್ ಉರಿ ಪಾತ್ರೆಯ ಅಂಚು ದಾಟದ ಹಾಗೆ ಸಣ್ಣದಾಗಿರಲಿ. ಕಿಟಕಿ ತೆರೆದಿರಲಿ. ಪಾತ್ರೆಯ ಮೇಲೆ ಬಾಗಿ ನೋಡಬೇಡಿ. ಉರಿಯುತ್ತಿರುವ ಒಲೆಯ ಪಕ್ಕದಲ್ಲಿ ಬಾಟಲಿಯಿಂದ ವೈನ್ ಸುರಿಯಬೇಡಿ.

ರಮ್‌ನ ಲೆಕ್ಕ ಬೇರೆ. ನಮ್ಮಲ್ಲಿ ಸಿಗುವ ರಮ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 42.8 ಆಲ್ಕೋಹಾಲ್ ಇರುತ್ತದೆ. ಅಷ್ಟೇ ರುಚಿಗೆ ತುಂಬಾ ಕಡಿಮೆ ದ್ರವ ಸಾಕು, ಆದ್ದರಿಂದ ನೀರಿನ ತಲೆನೋವು ಕಡಿಮೆ. ರಮ್ ಮತ್ತು ಒಣದ್ರಾಕ್ಷಿಯ ಐಸ್‌ಕ್ರೀಮ್ ಲೋಕದ ಎಲ್ಲ ಕಡೆ ಹರಡಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಇಟಲಿಯಲ್ಲಿ ಇದೇ ಜಾತಿಯ ಒಂದು ಐಸ್‌ಕ್ರೀಮ್‌ಗೆ ಮಾಲಗಾ ಎಂದು ಹೆಸರು. ಸ್ಪೇನಿನ ಮಾಲಗಾ ಊರಿನ ಸಿಹಿ ವೈನ್‌ನಲ್ಲಿ ಒಣದ್ರಾಕ್ಷಿ ನೆನೆಸಿ ಹಾಕುವ ರೂಢಿಯಿಂದ ಅದು ಬಂದದ್ದು.

ಹಣ್ಣು ತರುವ ನೀರು

ಕಲ್ಲಂಗಡಿ, ಸ್ಟ್ರಾಬೆರಿಯಲ್ಲಿ ಶೇಕಡಾ 90ಕ್ಕೂ ಮೀರಿ ನೀರು. ಅನಾನಸ್‌ನಲ್ಲಿ 86ರ ಸುತ್ತಮುತ್ತ, ಮಾವು ಮತ್ತು ದ್ರಾಕ್ಷಿಯಲ್ಲಿ 80ರ ಮೇಲೆ. ಬಾಳೆಹಣ್ಣಿನಲ್ಲಿ 75ರಷ್ಟು. ಬಾಳೆ, ಮಾವು, ಸಪೋಟ, ಹಲಸಿನ ಹಣ್ಣುಗಳಲ್ಲಿ ನಾರು, ಪೆಕ್ಟಿನ್ ಚೆನ್ನಾಗಿ ಇರುವುದರಿಂದ ಅವು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವುಗಳ ಐಸ್‌ಕ್ರೀಮ್ ತಾನಾಗಿಯೇ ನುಣುಪು. ಕಲ್ಲಂಗಡಿಯಲ್ಲಿ ಹಿಡಿಯುವಂಥದ್ದು ಏನೂ ಇಲ್ಲ, ಅದನ್ನು ಕೆನೆಯ ಜೊತೆ ಸೇರಿಸಲು ಹೋಗಬೇಡಿ.

ಹಸಿ ಹಣ್ಣಿನ ಹೋಳುಗಳನ್ನು ಹಾಗೇ ಹಾಕಿದರೆ ಒಂದೊಂದು ಹೋಳೂ ಮಂಜಿನ ತುಂಡಾಗುತ್ತದೆ. ತಿನ್ನುವಾಗ ಹಲ್ಲು ಜುಮ್ಮೆನ್ನುತ್ತದೆ. ಸಕ್ಕರೆಯಲ್ಲಿ ಕೆಲವು ಗಂಟೆ ಕಲಸಿಟ್ಟು, ಬಿಟ್ಟ ರಸವನ್ನು ಬೇರೆಯಾಗಿ ಇಂಗಿಸಿ, ಹೋಳುಗಳನ್ನು ಕೊನೆಯಲ್ಲಿ ಸೇರಿಸಬೇಕು. ಸಕ್ಕರೆ ಹೋಳಿನ ಒಳಗೂ ಇಳಿಯುವುದರಿಂದ ಅವು ಮೆತ್ತಗೇ ಇರುತ್ತವೆ. ವೈನ್‌ನಲ್ಲಿ ನೆನೆಸಿದ ಒಣದ್ರಾಕ್ಷಿ ಫ್ರೀಜರ್‌ನಲ್ಲೂ ಮೆತ್ತಗಿರುವುದು ಹೀಗೆಯೇ. ವಿಜಯಪುರದ ಒಣದ್ರಾಕ್ಷಿ ಇದಕ್ಕೆ ಹೇಳಿ ಮಾಡಿಸಿದ್ದು.

ಹಣ್ಣಿನ ಐಸ್‌ಕ್ರೀಮ್‌ಗೆ ಹೆಸರಾದವರಲ್ಲಿ ನಮ್ಮ ಕರಾವಳಿಯವರೇ ಮುಂದೆ. ಮೂಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬೈನ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಶುರು ಮಾಡಿದರು. ಸೀತಾಫಲ, ಎಳನೀರು, ಹಲಸು ಇವೆಲ್ಲ ಐಸ್‌ಕ್ರೀಮ್ ಆಗಿ ಊರೂರು ತಲುಪಿದ್ದರಲ್ಲಿ ಅವರ ಪಾಲು ದೊಡ್ಡದು. ಎಸೆನ್ಸ್ ಇಲ್ಲದೆ ನಿಜವಾದ ಹಣ್ಣಿನಿಂದ ಮಾಡಬೇಕಾದರೆ ಹಣ್ಣನ್ನು ಅರಿಯಬೇಕು ಎಂಬುದಕ್ಕೆ ಅವರ ಕೆಲಸ ಸಾಕ್ಷಿ. ಸೀತಾಫಲವನ್ನೇ ನೋಡಿ. ಅದನ್ನು ಕುದಿಸಿದರೆ ಕಹಿಯಾಗುತ್ತದೆ. ತಿರುಳನ್ನು ಹಸಿಯಾಗಿಯೇ ಬಳಸಬೇಕು.

ಅನಾನಸ್ ಇದಕ್ಕೆ ಪೂರ್ತಿ ಉಲ್ಟಾ. ಅದನ್ನು ಹಸಿಯಾಗಿ ಹಾಲಿಗೆ ಹಾಕಿದರೆ ಸ್ವಲ್ಪ ಹೊತ್ತಿನಲ್ಲಿ ಕಹಿ ಬರುತ್ತದೆ. ಅನಾನಸ್‌ನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ತುಂಡು ತುಂಡು ಮಾಡುತ್ತದೆ, ಆ ತುಂಡುಗಳ ರುಚಿ ಕಹಿ. ಪರಂಗಿ, ಕಿವಿ, ಅಂಜೂರದಲ್ಲೂ ಇಂಥ ಕಿಣ್ವಗಳಿವೆ. ಈ ಹಣ್ಣುಗಳನ್ನು ಐದು ನಿಮಿಷ ಚೆನ್ನಾಗಿ ಕುದಿಸಿ ಆರಿಸಿಕೊಂಡರೆ ಕಿಣ್ವ ಸಾಯುತ್ತದೆ, ತೊಂದರೆ ಇಲ್ಲ.

ಹಾಲು ಒಡೆಯದ ಹಾಗೆ

ವೈನ್ ಹುಳಿ. ದ್ರಾಕ್ಷಿ, ನೇರಳೆ, ಸ್ಟ್ರಾಬೆರಿಯೂ ಹುಳಿ. ಬಿಸಿ ಹಾಲಿಗೆ ನಿಂಬೆರಸ ಹಿಂಡಿ ಪನೀರ್ ಮಾಡುತ್ತೇವಲ್ಲ, ಬಿಸಿ ಹಾಲಿಗೆ ವೈನ್ ಸುರಿದರೂ ಆಗುವುದು ಅದೇ. ಹುಳಿಯನ್ನು ಅಳೆಯುವ ಪಿಎಚ್ ಮಾನದಲ್ಲಿ ಹಾಲು 6.7ರ ಹತ್ತಿರ ಇರುತ್ತದೆ. ಅದು 4.6ಕ್ಕೆ ಇಳಿದರೆ ಹಾಲಿನ ಮುಖ್ಯ ಪ್ರೋಟೀನ್ ಆದ ಕೇಸಿನ್ ಮುದ್ದೆಗಟ್ಟುತ್ತದೆ. ವೈನ್ ಇರುವುದು 3 ಮತ್ತು 4ರ ನಡುವೆ. ಹಾಲು ಬಿಸಿಯಾಗಿದ್ದರೆ 4.6ಕ್ಕೆ ಇಳಿಯುವವರೆಗೂ ಕಾಯುವುದಿಲ್ಲ, ಮೊದಲೇ ಒಡೆಯುತ್ತದೆ.

ಹಾಗಾಗಿ ಎರಡೂ ಕಡೆ ತಣ್ಣಗಿರಬೇಕು. ಹಣ್ಣಿನ ತಿರುಳು, ಇಂಗಿಸಿದ ವೈನ್, ಕ್ರೀಮ್ ಎಲ್ಲವನ್ನೂ ಫ್ರಿಜ್‌ನಲ್ಲಿ ಪೂರ್ತಿ ತಣಿಸಿ ಆಮೇಲೆ ಬೆರೆಸಬೇಕು. ಕೊಬ್ಬು ಜಾಸ್ತಿ ಇರುವ ಕ್ರೀಮ್‌ನಲ್ಲಿ ಪ್ರೋಟೀನ್ ಕಡಿಮೆ, ಅದು ಹುಳಿಯನ್ನು ಹಾಲಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಕಂಡೆನ್ಸ್ಡ್ ಮಿಲ್ಕ್‌ಗೆ ಹುಳಿ ಸೇರಿದರೆ ಒಡೆಯುವ ಬದಲು ದಪ್ಪಗಾಗುತ್ತದೆ. ಐಸ್‌ಕ್ರೀಮ್‌ಗೆ ಅದರಿಂದ ಅನುಕೂಲವೇ.

ಬಣ್ಣದ ವಿಷಯದಲ್ಲೂ ಹುಳಿಯ ಕೈವಾಡ ಇದೆ. ಕಪ್ಪು ದ್ರಾಕ್ಷಿ, ಕೆಂಪು ವೈನ್, ನೇರಳೆಯ ಬಣ್ಣ ಬರುವುದು ಆಂಥೋಸಯನಿನ್ ಎಂಬ ವಸ್ತುವಿನಿಂದ. ಹುಳಿ ಇದ್ದಾಗ ಅದು ಕೆಂಪು, ಹುಳಿ ಕಡಿಮೆಯಾದಾಗ ನೀಲಿ ಛಾಯೆ. ಹಾಲು ಜಾಸ್ತಿ, ಹಣ್ಣು ಕಡಿಮೆ ಹಾಕಿದರೆ ಐಸ್‌ಕ್ರೀಮ್ ಬೂದು ನೇರಳೆಯಾಗುತ್ತದೆ. ಕೆಟ್ಟಿದೆ ಎಂದು ಚೆಲ್ಲುವವರೂ ಇದ್ದಾರೆ. ಕೆಟ್ಟಿರುವುದಿಲ್ಲ. ತಣ್ಣಗಿನ ತಿರುಳಿಗೆ ಕಾಲು ಚಮಚ ನಿಂಬೆರಸ ಹಾಕಿಕೊಂಡರೆ ಬಣ್ಣ ಕೆಂಪಿನ ಕಡೆ ವಾಲುತ್ತದೆ.

ಗಾಳಿ ಮತ್ತು ವೇಗ

ಹರಳು ಚಿಕ್ಕದಿರಬೇಕಾದರೆ ಎರಡು ದಾರಿ. ಹೆಪ್ಪುಗಟ್ಟುವಾಗ ಬಿಡದೆ ತಿರುಗಿಸುತ್ತಿರಬೇಕು, ಇಲ್ಲವೇ ಮೊದಲೇ ಗಾಳಿ ತುಂಬಿ ಬೇಗನೆ ಹೆಪ್ಪುಗಟ್ಟಿಸಬೇಕು.

ತಿರುಗಿಸುವ ದಾರಿ ಹಳೆಯದು. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬವರು ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಪೇಟೆಂಟ್ ಪಡೆದರು. ಮರದ ಬಕೆಟ್, ಒಳಗೊಂದು ಲೋಹದ ಡಬ್ಬಿ, ನಡುವಿನ ಜಾಗದಲ್ಲಿ ಐಸ್ ಮತ್ತು ಉಪ್ಪು. ಉಪ್ಪು ಯಾಕೆ? ಉಪ್ಪು ತಾಗಿದ ಐಸ್ ಸೊನ್ನೆಗಿಂತ ಕೆಳಗೂ ಕರಗುತ್ತದೆ. ಕರಗಲು ಬೇಕಾದ ಶಾಖವನ್ನು ಅದು ಪಕ್ಕದ ಡಬ್ಬಿಯಿಂದ ಎಳೆದುಕೊಳ್ಳುತ್ತದೆ. ಉಪ್ಪು, ಐಸ್ ಸರಿಯಾದ ಪ್ರಮಾಣದಲ್ಲಿದ್ದರೆ ಮೈನಸ್ 21 ಡಿಗ್ರಿಯವರೆಗೆ ಇಳಿಯಬಹುದು. ಮನೆಯ ಫ್ರೀಜರ್‌ಗಿಂತ ಜಾಸ್ತಿ ಚಳಿ! ಮೂರು ಪಾಲು ಪುಡಿ ಮಾಡಿದ ಐಸ್, ಒಂದು ಪಾಲು ಕಲ್ಲುಪ್ಪು ಇದ್ದರೆ ಇಂದಿಗೂ ಸ್ಟೀಲ್ ಡಬ್ಬಿಯಲ್ಲಿ ಮಕ್ಕಳಿಗೆ ಮಾಡಿ ತೋರಿಸಬಹುದು, ವೈನ್ ಇಲ್ಲದ್ದನ್ನು.

ಎರಡನೇ ದಾರಿ ಇಂದಿನ ಮನೆಗೆ ಹೊಂದುತ್ತದೆ. ತಣ್ಣಗಿನ ವಿಪ್ಪಿಂಗ್ ಕ್ರೀಮನ್ನು ಬೀಟರ್‌ನಿಂದ ಕಡೆದರೆ ಕೊಬ್ಬಿನ ಕಣಗಳು ಗಾಳಿಯ ಗುಳ್ಳೆಗಳ ಸುತ್ತ ಗೂಡು ಕಟ್ಟುತ್ತವೆ. ಆ ಗುಳ್ಳೆಗಳು ಮಂಜಿನ ಹರಳು ದೊಡ್ಡದಾಗಿ ಬೆಳೆಯಲು ಜಾಗ ಬಿಡುವುದಿಲ್ಲ. ಇದಕ್ಕೆ ಕೊಬ್ಬು ಶೇಕಡಾ 30ಕ್ಕಿಂತ ಹೆಚ್ಚಿರುವ ಕ್ರೀಮ್ ಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಶೇಕಡಾ 25ರ ಫ್ರೆಶ್ ಕ್ರೀಮ್ ಎಷ್ಟು ಕಡೆದರೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಪ್ಯಾಕೆಟ್ ಮೇಲೆ ಕೊಬ್ಬಿನ ಪ್ರಮಾಣ ಓದಿಯೇ ಕೊಳ್ಳಿ. ಕೇಕ್ ಅಂಗಡಿಗೆ ಬರುವ ನಾನ್ ಡೇರಿ ಕ್ರೀಮ್ ಚೆನ್ನಾಗಿ ಉಬ್ಬುತ್ತದೆ, ಆದರೆ ಅದು ಸಸ್ಯದ ಕೊಬ್ಬು. ಬಾಯಲ್ಲಿ ಹಾಲಿನ ಕೆನೆಯ ಹಾಗೆ ಕರಗದೆ ಅಂಗುಳಕ್ಕೆ ಅಂಟಿಕೊಳ್ಳುವಂತೆ ಅನ್ನಿಸುತ್ತದೆ. ದ್ರಾಕ್ಷಿ, ವೈನ್‌ನಂಥ ಸೂಕ್ಷ್ಮ ರುಚಿಗೆ ಅದು ತಕ್ಕದ್ದಲ್ಲ.

ಬೆಂಗಳೂರು ಬ್ಲೂ ದ್ರಾಕ್ಷಿಯ ಐಸ್‌ಕ್ರೀಮ್

ಈಗ ಇದೆಲ್ಲವನ್ನೂ ಒಂದು ಪಾತ್ರೆಗೆ ತರೋಣ. ನಾನು ಆರಿಸಿಕೊಂಡದ್ದು ಬೆಂಗಳೂರು ಬ್ಲೂ ದ್ರಾಕ್ಷಿ. ಬೆಂಗಳೂರು ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ದಪ್ಪ ಸಿಪ್ಪೆಯ, ಬೀಜದ, ಹುಳಿಸಿಹಿ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ಬೀಜ ಇದೆ ಎಂದು ಕೆಲವರು ದೂರ ಇಡುತ್ತಾರೆ. ಆದರೆ ಇದರ ಕಂಪು ಬೇರೆ ದ್ರಾಕ್ಷಿಗೆ ಇಲ್ಲ. ಕೆನೆಯ ಜೊತೆಗೂ, ಫ್ರೀಜರ್‌ನ ಚಳಿಯಲ್ಲೂ ಮಂಕಾಗದೆ ನಿಲ್ಲುವ ಕಂಪು ಅದು. ಜೊತೆಗೆ ನಂದಿ ಬೆಟ್ಟದ ತಪ್ಪಲಿನಲ್ಲೇ ವೈನ್ ತಯಾರಿಕೆಯೂ ಇದೆ. ಒಂದೇ ಸೀಮೆಯ ಹಣ್ಣು, ಒಂದೇ ಸೀಮೆಯ ವೈನ್.

ಅರ್ಧ ಕಿಲೋ ದ್ರಾಕ್ಷಿ ತೊಳೆದು, ನೀರು ಹಾಕದೆ ದಪ್ಪ ತಳದ ಸ್ಟೀಲ್ ಪಾತ್ರೆಯಲ್ಲಿ ಬೇಯಲು ಇಡಿ. ಹಣ್ಣು ಒಡೆದು ತನ್ನ ರಸದಲ್ಲೇ ಬೇಯುತ್ತದೆ. ಹತ್ತು ನಿಮಿಷದಲ್ಲಿ ಸಿಪ್ಪೆಯ ಬಣ್ಣವೆಲ್ಲ ರಸಕ್ಕೆ ಇಳಿದಿರುತ್ತದೆ. ಮಿಕ್ಸಿಗೆ ಹಾಕಬೇಡಿ, ಬೀಜ ಪುಡಿಯಾದರೆ ಕಹಿ. ಜರಡಿಯ ಮೇಲೆ ಸುರಿದು ಸೌಟಿನ ಬೆನ್ನಿನಿಂದ ಒತ್ತಿ ಸೋಸಿ. ಆ ರಸವನ್ನು ಮತ್ತೆ ಒಲೆಯ ಮೇಲಿಟ್ಟು, ಸುಮಾರು 250 ಗ್ರಾಂ ಆಗುವವರೆಗೆ ಇಂಗಿಸಿ. ತೆಳು ಜಾಮ್‌ನಷ್ಟು ದಪ್ಪ ಆಗಬೇಕು.

ಇನ್ನೊಂದು ಪಾತ್ರೆಯಲ್ಲಿ 250 ಮಿಲಿಲೀಟರ್ ಕೆಂಪು ವೈನ್, ಎರಡು ದೊಡ್ಡ ಚಮಚ ಸಕ್ಕರೆ. ಬೇಕಿದ್ದರೆ ಒಂದು ಚೂರು ಚಕ್ಕೆ, ಎರಡು ಲವಂಗ. ಸಣ್ಣ ಉರಿಯಲ್ಲಿ 80 ಮಿಲಿಲೀಟರ್‌ಗೆ ಇಳಿಸಿ. ಮನೆಯಲ್ಲಿ ಮಾಡಿದ ವೈನ್ ಆದರೆ ಸಕ್ಕರೆ ಬೇಡ, ಅದು ಮೊದಲೇ ಸಿಹಿಯಾಗಿರುತ್ತದೆ. ಮನೆ ವೈನ್‌ನಲ್ಲಿ ಆಲ್ಕೋಹಾಲ್ ಎಷ್ಟಿದೆ ಎಂದು ಬಾಟಲಿ ಮೇಲೆ ಬರೆದಿರುವುದಿಲ್ಲ. ಹಾಗಾಗಿ ಅದನ್ನು ಹಸಿಯಾಗಿ ಸೇರಿಸುವುದಕ್ಕಿಂತ ಇಂಗಿಸಿಯೇ ಬಳಸುವುದು ಲೇಸು.

ಎರಡನ್ನೂ ತಣಿಸಿ ಒಟ್ಟಿಗೆ ಸೇರಿಸಿ, ಫ್ರಿಜ್‌ನಲ್ಲಿ ನಾಲ್ಕೈದು ಗಂಟೆ ಇಡಿ. ಆಮೇಲೆ 200 ಗ್ರಾಂ ಕಂಡೆನ್ಸ್ಡ್ ಮಿಲ್ಕ್ ಬೆರೆಸಿ, ಒಂದು ಚಿಟಿಕೆ ಉಪ್ಪು ಹಾಕಿ. ಈ ಹಂತದಲ್ಲಿ ರುಚಿ ನೋಡಿದರೆ ಸಿಹಿ ಸ್ವಲ್ಪ ಜಾಸ್ತಿ ಅನ್ನಿಸಬೇಕು. ಮುಂದೆ ಸಿಹಿ ಇಲ್ಲದ ಕ್ರೀಮ್ ಸೇರುತ್ತದೆ, ಚಳಿಯಲ್ಲಿ ಸಿಹಿ ಇನ್ನೂ ತಗ್ಗುತ್ತದೆ.

ಬೇರೆ ಪಾತ್ರೆಯಲ್ಲಿ 300 ಮಿಲಿಲೀಟರ್ ತಣ್ಣಗಿನ ವಿಪ್ಪಿಂಗ್ ಕ್ರೀಮ್ ಕಡೆಯಿರಿ. ಪಾತ್ರೆ, ಬೀಟರ್ ಕಡ್ಡಿಗಳನ್ನೂ ಮೊದಲೇ ಫ್ರಿಜ್‌ನಲ್ಲಿಟ್ಟಿದ್ದರೆ ಬೇಗ ಆಗುತ್ತದೆ. ಕಡ್ಡಿ ಎತ್ತಿದಾಗ ಕ್ರೀಮ್ ಮೆತ್ತಗಿನ ತುದಿಯಾಗಿ ಬಾಗಿದರೆ ಸಾಕು. ಅದಕ್ಕೂ ಮೀರಿ ಕಡೆದರೆ ಬೆಣ್ಣೆ ಬರುತ್ತದೆ. ಈಗ ದ್ರಾಕ್ಷಿ ಮಿಶ್ರಣವನ್ನು ಮೂರು ಸಲವಾಗಿ ಹಾಕಿ, ಕೆಳಗಿಂದ ಮೇಲಕ್ಕೆ ನಿಧಾನವಾಗಿ ಮಡಚುವಂತೆ ಬೆರೆಸಿ. ಜೋರಾಗಿ ಕಲಕಿದರೆ ತುಂಬಿದ ಗಾಳಿಯೆಲ್ಲ ಹೋಗುತ್ತದೆ. ಕೊನೆಗೆ ಎರಡು ದೊಡ್ಡ ಚಮಚ ಹಸಿ ವೈನ್.

ಅಗಲವಾದ, ಎತ್ತರ ಕಡಿಮೆ ಇರುವ ಸ್ಟೀಲ್ ಡಬ್ಬಿಗೆ ಸುರಿಯಿರಿ. ಪ್ಲಾಸ್ಟಿಕ್‌ಗಿಂತ ಸ್ಟೀಲ್ ಬೇಗ ತಣಿಯುತ್ತದೆ. ಬೇಗ ತಣಿದಷ್ಟೂ ಹರಳು ಚಿಕ್ಕದು. ಮೇಲ್ಮೈಗೆ ತಾಗುವಂತೆ ಬಟರ್ ಪೇಪರ್ ಹಾಸಿ ಮುಚ್ಚಿ, ಫ್ರೀಜರ್‌ನ ಒಳ ಮೂಲೆಯಲ್ಲಿ ಎಂಟು ಗಂಟೆ ಇಡಿ. ಇದರಲ್ಲಿ ಹಾಲಿನ ಕೊಬ್ಬು ಶೇಕಡಾ 12ರ ಆಸುಪಾಸು ಬರುತ್ತದೆ, ಮೇಲೆ ಹೇಳಿದ ಗೆರೆಯನ್ನು ದಾಟಿತು.

ಇದೇ ಲೆಕ್ಕದಲ್ಲಿ ಮಳೆಗಾಲದ ಶುರುವಿನಲ್ಲಿ ನೇರಳೆ ಹಣ್ಣು, ಕೆಂಪು ವೈನ್ ಜೋಡಿ ಮಾಡಬಹುದು. ಮಾವು, ಅನಾನಸ್‌ಗೆ ಬಿಳಿ ವೈನ್ ಹೊಂದುತ್ತದೆ. ಮಾವಿನ ತಿರುಳನ್ನು ಮಾತ್ರ ಬೇಯಿಸಬೇಡಿ, ಕಂಪು ಹೋಗುತ್ತದೆ. ವೈನನ್ನು ಇಂಗಿಸಿದರೆ ಸಾಕು.

ಕಾಯಿಸಿದರೆ ಆಲ್ಕೋಹಾಲ್ ಪೂರ್ತಿ ಹೋಗುತ್ತದಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ, ಹಾಗಾಗಿ ಎರಡು ಕುದಿ ಬಂದರೆ ಆಲ್ಕೋಹಾಲ್ ಖಾಲಿ ಎಂದು ಹಲವರು ನಂಬಿದ್ದಾರೆ. ಹಾಗಲ್ಲ. ನೀರಿನ ಜೊತೆ ಬೆರೆತ ಆಲ್ಕೋಹಾಲ್ ಅಷ್ಟು ಸುಲಭವಾಗಿ ಬಿಟ್ಟು ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಅಡುಗೆಯಲ್ಲಿ ಬೆರೆಸಿ ಅರ್ಧ ಗಂಟೆ ಕುದಿಸಿದ ಮೇಲೂ ಶೇಕಡಾ 35ರಷ್ಟು ಆಲ್ಕೋಹಾಲ್ ಉಳಿಯುತ್ತದೆ. ಎರಡೂವರೆ ಗಂಟೆಯ ನಂತರವೂ ಶೇಕಡಾ 5. ಬರೀ ವೈನನ್ನು ತೆರೆದ ಪಾತ್ರೆಯಲ್ಲಿ ಮೂರನೇ ಒಂದು ಭಾಗಕ್ಕೆ ಇಂಗಿಸಿದಾಗ ಇದಕ್ಕಿಂತ ತುಂಬಾ ಕಡಿಮೆ ಉಳಿಯುತ್ತದೆ. ಆದರೂ ಸೊನ್ನೆ ಎಂದು ಹೇಳುವಂತಿಲ್ಲ. ಮೇಲಾಗಿ ಕೊನೆಯಲ್ಲಿ ಹಸಿ ವೈನ್ ಹಾಕಿದ್ದೇವೆ.

ಆದ್ದರಿಂದ ಇದನ್ನು ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡಬಾರದು. ಕುಡಿತ ಬಿಟ್ಟವರಿಗೆ, ಆಲ್ಕೋಹಾಲ್ ತಾಗಬಾರದ ಔಷಧಿ ತೆಗೆದುಕೊಳ್ಳುವವರಿಗೆ, ನಂಬಿಕೆಯ ಕಾರಣಕ್ಕೆ ಮುಟ್ಟದವರಿಗೆ ಹೇಳದೆ ಬಡಿಸುವುದು ತಪ್ಪು. ಡಬ್ಬಿಯ ಮೇಲೆ 'ವೈನ್ ಇದೆ' ಎಂದು ಚೀಟಿ ಅಂಟಿಸಿ. ಫ್ರೀಜರ್ ಬಾಗಿಲು ತೆಗೆಯುವ ಮಕ್ಕಳಿಗೆ ಎರಡು ಡಬ್ಬಿಗಳ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲ್ಲರಿಗೂ ಒಂದೇ ಮಾಡಬೇಕೆಂದರೆ ವೈನ್ ಬದಲು ಇನ್ನೊಂದು ಅರ್ಧ ಕಿಲೋ ದ್ರಾಕ್ಷಿಯ ರಸವನ್ನು ಚಕ್ಕೆ, ಲವಂಗದ ಜೊತೆ ಹೀಗೆಯೇ ಇಂಗಿಸಿ ಹಾಕಬಹುದು. ವೈನ್‌ನ ಒಗರು ಬರುವುದಿಲ್ಲ, ಆದರೆ ಆಳವಾದ ದ್ರಾಕ್ಷಿ ರುಚಿ ಬರುತ್ತದೆ.

ಕೈಕೊಟ್ಟರೆ

ರಾತ್ರಿ ಕಳೆದರೂ ಗಟ್ಟಿಯಾಗಿಲ್ಲ ಎಂದರೆ ಆಲ್ಕೋಹಾಲ್ ಅಥವಾ ಸಕ್ಕರೆ ಜಾಸ್ತಿಯಾಗಿದೆ. ಫ್ರಿಜ್‌ನೊಳಗೇ ಕರಗಿಸಿ, 100 ಮಿಲಿಲೀಟರ್ ಕ್ರೀಮನ್ನು ಬೇರೆಯಾಗಿ ಕಡೆದು ಅದಕ್ಕೆ ಬೆರೆಸಿ. ಎರಡು ಚಮಚ ಹಾಲಿನ ಪುಡಿಯೂ ಸೇರಲಿ, ಅದು ಬಿಡಿ ನೀರನ್ನು ಹೀರಿಕೊಳ್ಳುತ್ತದೆ. ಕಲ್ಲಿನಂತಾಗಿದ್ದರೆ ಹಣ್ಣಿನ ನೀರು ಸಾಕಷ್ಟು ಇಂಗಿಲ್ಲ. ಫ್ರಿಜ್‌ನಲ್ಲಿ ಸ್ವಲ್ಪ ಮೆತ್ತಗಾಗಲು ಬಿಟ್ಟು, ಒಂದು ದೊಡ್ಡ ಚಮಚ ಜೇನುತುಪ್ಪ ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಕೂಡಲೇ ಮತ್ತೆ ಹೆಪ್ಪುಗಟ್ಟಿಸಿ. ಜೇನಿನ ಗ್ಲೂಕೋಸ್, ಫ್ರಕ್ಟೋಸ್ ಅದನ್ನು ಮೆತ್ತಗಿಡುತ್ತವೆ.

ಮೊದಲ ದಿನ ನುಣುಪಾಗಿದ್ದು ನಾಲ್ಕನೇ ದಿನ ಕರಕರ ಆಗಿದ್ದರೆ ತಪ್ಪು ನಿಮ್ಮ ಕೈಯದ್ದಲ್ಲ, ಫ್ರೀಜರ್‌ನದ್ದು. ಕರೆಂಟ್ ಹೋದಾಗ, ಬಾಗಿಲು ಪದೇಪದೇ ತೆಗೆದಾಗ ಚಿಕ್ಕ ಹರಳುಗಳು ಕರಗುತ್ತವೆ. ಮತ್ತೆ ಚಳಿ ಬಂದಾಗ ಆ ನೀರು ಹೊಸ ಹರಳಾಗುವ ಬದಲು ಇರುವ ದೊಡ್ಡ ಹರಳಿಗೇ ಸೇರಿಕೊಳ್ಳುತ್ತದೆ. ಪ್ರತಿ ಸಲವೂ ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಫ್ರಾಸ್ಟ್ ಫ್ರೀ ಫ್ರಿಜ್‌ಗಳು ಮಂಜು ಕರಗಿಸಲು ಆಗಾಗ ತಾವೇ ಸ್ವಲ್ಪ ಬಿಸಿಯಾಗುವುದರಿಂದ ಅಲ್ಲೂ ಇದು ನಿಧಾನವಾಗಿ ನಡೆಯುತ್ತದೆ. ಕಾರ್ಖಾನೆಗಳು ಇದನ್ನು ತಡೆಯಲು ಗೋರಿಕಾಯಿ ಜಾತಿಯ ಗಿಡದ ಬೀಜದಿಂದ ತೆಗೆದ ಗ್ವಾರ್ ಗಮ್‌ನಂಥವನ್ನು ಬಳಸುತ್ತವೆ. ಮನೆಯಲ್ಲಿ ಒಂದು ಚಮಚ ಕಾರ್ನ್‌ಫ್ಲೋರನ್ನು ಅರ್ಧ ಕಪ್ ಹಾಲಿನಲ್ಲಿ ಬೇಯಿಸಿ, ಪೂರ್ತಿ ತಣಿಸಿ ಸೇರಿಸಿದರೆ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಆಗುತ್ತದೆ. ಕರೆಂಟ್ ಹೋಗಿ ಪೂರ್ತಿ ಕರಗಿ, ಬೆಚ್ಚಗಾಗಿ ಗಂಟೆಗಟ್ಟಲೆ ಇದ್ದದ್ದನ್ನು ಮಾತ್ರ ಮತ್ತೆ ಹೆಪ್ಪುಗಟ್ಟಿಸಿ ತಿನ್ನಬೇಡಿ, ಅದರಲ್ಲಿ ಹಾಲು ಇದೆ. ಚೆನ್ನಾಗಿ ಮುಚ್ಚಿಟ್ಟರೂ ಎರಡು ವಾರದೊಳಗೆ ಮುಗಿಸಿ. ಅಷ್ಟರ ಮೇಲೆ ವೈನ್‌ನ ಪರಿಮಳ ಇಳಿಯುತ್ತದೆ, ಫ್ರೀಜರ್‌ನ ಇತರ ವಾಸನೆಗಳು ಕೆನೆಗೆ ಹತ್ತಿಕೊಳ್ಳುತ್ತವೆ.